ಹೂ ಬೇಡ, ಎಲೆ ಎಣಿಸಿ

ಆ ಬಾಡಿಗೆ ಮನೆಗೆ ಬಂದ ಹೊಸತು. ಗೇಟಿನ ಪಕ್ಕ ಆಳೆತ್ತರದ ಪೊದೆಯೊಂದು ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ಮನೆ ಇಷ್ಟವಾದದ್ದೇ ಆ ಹೂವಿನಿಂದ ಎಂದರೆ ನೀವು ನಗಬಹುದು. ಗಿಡದ ಹೆಸರು ಕೇಳುವ ಗೋಜಿಗೆ ಮಾತ್ರ ನಾನು ಹೋಗಿರಲಿಲ್ಲ.

ಒಂದು ಸಂಜೆ ನನ್ನ ನಾಲ್ಕು ವರ್ಷದ ಮಗಳು ಅದರ ಎಲೆ ಹರಿದು, ತೆಂಗಿನ ಚಿಪ್ಪಿನಲ್ಲಿ 'ಬಿರಿಯಾನಿ' ಮಾಡಿ ತಮ್ಮನಿಗೆ ಬಡಿಸುತ್ತಿದ್ದಳು. ಊರಿನಿಂದ ಬಂದಿದ್ದ ಉಮ್ಮ ಓಡಿ ಬಂದು ಚಿಪ್ಪು ಕಸಿದು ಎಸೆದರು. ಮಗುವಿನ ಬಾಯಿ ತೆರೆಸಿ ನೋಡಿದರು. "ಇದು ಕಣಗಿಲೆ ಮಗಳೇ, ಆಡು ಕೂಡ ಮುಟ್ಟುವುದಿಲ್ಲ!" ಸದ್ಯ, ಬಾಯಲ್ಲಿ ಏನೂ ಇರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಉಮ್ಮ ನನ್ನನ್ನು ಗಿಡದ ಎದುರು ನಿಲ್ಲಿಸಿದರು. "ಹೂ ನೋಡಬೇಡ, ಎಲೆ ಎಣಿಸು." ಒಂದೇ ಗಿಣ್ಣಿನ ಸುತ್ತ ಮೂರು ಮೂರು ಎಲೆ! ನೀವೂ ಗಮನಿಸಿ: ಎಲೆ ಹೆಚ್ಚುಕಡಿಮೆ ಗೇಣುದ್ದ, ಕಿರಿದು, ಚರ್ಮದಂತೆ ದಪ್ಪ. ನಡುವಿನ ನರ ಬೆಳ್ಳಗೆ ಎದ್ದು ಕಾಣುತ್ತದೆ. ಅದರಿಂದ ಬಾಚಣಿಗೆಯ ಹಲ್ಲಿನಂತೆ ಸಣ್ಣ ನರಗಳು ಒತ್ತೊತ್ತಾಗಿ ಅಂಚಿಗೆ ಓಡುತ್ತವೆ. ಹೂವಿಗೆ ಐದು ಎಸಳು, ಗಂಟಲಲ್ಲಿ ಹರಿದ ಬಟ್ಟೆಯಂಚಿನಂಥ ಕುಚ್ಚು. ಕಾಯಿ ಉದ್ದನೆಯ ಕೋಡು.

ಬಿಳಿ ಕಣಗಿಲೆಯನ್ನು ನಂದಿಬಟ್ಟಲು ಎಂದುಕೊಳ್ಳುವವರಿದ್ದಾರೆ. ನಂದಿಬಟ್ಟಲಿನ ಎಲೆ ಅಗಲ, ಎದುರುಬದುರು ಜೋಡಿಯಾಗಿರುತ್ತದೆ. ಮುರಿದರೆ ಹಾಲು ಬರುತ್ತದೆ. ಅದನ್ನೂ ಮಕ್ಕಳ ಬಾಯಿಗೆ ಬಿಡಬೇಡಿ. ಇನ್ನು ಹಳದಿ ಕಣಗಿಲೆಗೆ ಮೂರೆಲೆಯ ಲೆಕ್ಕ ಸಲ್ಲದು. ಅದರ ಎಲೆ ಒಂದೊಂದಾಗಿ ಕಡ್ಡಿಯ ಸುತ್ತ ಬರುತ್ತದೆ, ಹೂ ಆಲಿಕೆಯಂತೆ, ಕಾಯಿ ಹಸಿರು, ಮೂಲೆಮೂಲೆ. ಆ ಕಾಯಿಯ ಬೀಜವಂತೂ ಘೋರ ವಿಷ.

2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬಳು ಫೋನಿನಲ್ಲಿ ಮಾತನಾಡುತ್ತ ಇದರ ಎಲೆ, ಹೂ ಅಗಿದು ಸತ್ತಳೆಂಬ ಸುದ್ದಿ ನೀವು ಓದಿರಬಹುದು. ಅಲ್ಲಿ ಇದಕ್ಕೆ ಅರಳಿ ಎನ್ನುತ್ತಾರೆ. ಆಮೇಲೆ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ನಿಲ್ಲಿಸಿತು. ವಿಷ ನೇರ ಹೃದಯದ ಬಡಿತಕ್ಕೇ ಹೋಗುತ್ತದೆ. ವಾಂತಿ, ಹೊಟ್ಟೆನೋವು, ಮಂಪರು ಕಾಣುವವರೆಗೆ ಕಾಯಬೇಡಿ. ಮನೆಯಲ್ಲೇ ವಾಂತಿ ಮಾಡಿಸಲೂ ಹೋಗಬೇಡಿ. ಗಿಡದ ಒಂದು ಕಡ್ಡಿ ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸಿ.

ಮನೆಯೊಡತಿ ಗಿಡ ಕಡಿಯಲು ಸುಲಭವಾಗಿ ಒಪ್ಪಲಿಲ್ಲ. ತಪ್ಪೇನಿಲ್ಲ, ಅಂಥ ಹೂ ಅದು. ಚಿಪ್ಪಿನ ಕಥೆ ಹೇಳಿದ ಮೇಲೆ ಅವರೇ ಕತ್ತಿ ತಂದರು. ಕೊಂಬೆಗಳನ್ನು ಸುಡಲು ಉಮ್ಮ ಬಿಡಲಿಲ್ಲ, ಹೊಗೆಯೂ ಕೆಟ್ಟದ್ದಂತೆ. ಹಿತ್ತಿಲಲ್ಲಿ ಆಳಕ್ಕೆ ಹೂತೆವು. ಮಗಳ ಬಿರಿಯಾನಿಗೆ ಈಗ ದಾಸವಾಳದ ಎಲೆ.