ಹಿಂದಿನ ಸೀಟಿಗೆ ಸ್ಟಾರ್ ಇಲ್ಲ

ಕಾರು ಕೊಳ್ಳಲು ಹೋದವರೆಲ್ಲ ಮೊದಲು ಕೇಳುವುದು ‘ಎಷ್ಟು ಮೈಲೇಜ್ ಕೊಡುತ್ತೆ?’ ಅಂತ. 2020ರಲ್ಲಿ ನಾನು ಕೇಳಿದ್ದು ‘ಎಷ್ಟು ಸ್ಟಾರ್?’. ಶೋರೂಮಿನ ಹುಡುಗ ತಬ್ಬಿಬ್ಬಾದ. ಆ ತಬ್ಬಿಬ್ಬಿನ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಸುರಕ್ಷತೆಯ ಈ ಸ್ಟಾರಿನ ಹುಚ್ಚು ಹತ್ತಿದ್ದು 2014ರ ಜನವರಿಯಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಢಿಕ್ಕಿ ಹೊಡೆಸಿ ನೋಡಿತ್ತು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಎಲ್ಲವೂ ಏರ್‌ಬ್ಯಾಗ್ ಇಲ್ಲದ ಮಾದರಿಗಳು, ಎಲ್ಲಕ್ಕೂ ಸೊನ್ನೆ. ಆದರೆ ಸೊನ್ನೆಯಲ್ಲೂ ಎರಡು ಬಗೆ. ಫಿಗೊ, ಪೋಲೊಗಳ ಒಡಲು ಢಿಕ್ಕಿಗೆ ತಡೆದುಕೊಂಡಿತ್ತು. ಪೋಲೊಗೆ ಎರಡು ಏರ್‌ಬ್ಯಾಗ್ ಇದ್ದಾಗ ನಾಲ್ಕು ಸ್ಟಾರ್ ಬಂತು. ಮಿಕ್ಕ ಮೂರರಲ್ಲಿ ಒಡಲೇ ಸೋತಿತ್ತು. ಅಂಥ ಕಡೆ ಏರ್‌ಬ್ಯಾಗ್ ಒಂದನ್ನೇ ತುರುಕಿದರೆ ಹೆಚ್ಚೇನೂ ದಕ್ಕುವುದಿಲ್ಲ. ಇದನ್ನು ಓದಿದ ಮೇಲೆ ಮದುವೆಮನೆಯ ಪಂಕ್ತಿಯಲ್ಲೂ ನಾನು ಉಪನ್ಯಾಸ ಶುರುಮಾಡಿಬಿಡುತ್ತಿದ್ದೆ. ಭಾವಮೈದ ನನ್ನನ್ನು ಕಂಡರೆ ಎಲೆ ಎತ್ತಿಕೊಂಡು ಬೇರೆ ಸಾಲಿಗೆ ಹೋಗುತ್ತಿದ್ದ.

ಕೊನೆಗೆ ಕೊಂಡದ್ದು ನಾಲ್ಕು ಸ್ಟಾರಿನ ಹ್ಯಾಚ್‌ಬ್ಯಾಕ್. ಕೊಂಡ ವಾರವೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಸೀಟ್ ಕವರ್ ಹಾಕಿಸಿದೆ. ಕಾಫಿ ಬಣ್ಣದ್ದು, ಅಂಚಿಗೆ ಕೆಂಪು ಹೊಲಿಗೆ. ಹಿಂದಿನ ಸೀಟಿನ ಬೆಲ್ಟುಗಳ ಲಾಕ್ ಆ ಕವರಿನ ಕೆಳಗೆ ಹೂತುಹೋದವು. ಅಂಗಡಿಯವನು ‘ತೂತು ಮಾಡಲಾ ಸಾರ್, ಶೋ ಹಾಳಾಗುತ್ತೆ’ ಅಂದ. ಬೇಡ ಅಂದವನು ನಾನೇ. ಸ್ಟಾರುಗಳ ಉಪನ್ಯಾಸಕ.

ಒಂದು ದಿನ ಅಮ್ಮ, ಹೆಂಡತಿಯೊಡನೆ ಆ ಕಾರಿನಲ್ಲಿ ಹೊರಟಿದ್ದೆ. ತಿಪಟೂರಿನ ಹತ್ತಿರ, ಬೆಳಕು ಇಳಿಯುವ ಹೊತ್ತು. ಪಕ್ಕದ ಮಣ್ಣುದಾರಿಯಿಂದ ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರು ರಸ್ತೆಗೆ ಬಂತು. ಬ್ರೇಕ್ ಒತ್ತಿದೆ, ಆದರೂ ಟ್ರೈಲರಿನ ಚಕ್ರಕ್ಕೆ ಗುದ್ದಿದೆ. ಏರ್‌ಬ್ಯಾಗ್ ಎರಡೂ ತೆರೆದುಕೊಂಡವು. ನನಗೆ ಎದೆಯ ಮೇಲೆ ಬೆಲ್ಟಿನ ಬರೆ, ಅಷ್ಟೆ. ಹೆಂಡತಿಯ ಹಿಂದೆ ಕೂತಿದ್ದ ಅಮ್ಮ ಮುಂದಿನ ಸೀಟಿಗೆ ಅಪ್ಪಳಿಸಿದ್ದಳು. ಕಾಲರ್ ಬೋನ್ ಮುರಿದಿತ್ತು. ಹಿಂದಿನಿಂದ ಬಿದ್ದ ಆ ಹೊಡೆತಕ್ಕೆ ಹೆಂಡತಿಯ ಬೆನ್ನು ಹಿಡಿದುಕೊಂಡಿತು. ಅವಳಿಗೆ ಪೆಟ್ಟು ಬಿದ್ದದ್ದು ಟ್ರ್ಯಾಕ್ಟರಿನಿಂದಲ್ಲ, ಅತ್ತೆಯಿಂದ. (ಈ ಮಾತನ್ನು ಈಗ ಮನೆಯಲ್ಲಿ ತಮಾಷೆಗೆ ಆಡುತ್ತಾರೆ. ಆಗ ಯಾರೂ ಆಡುತ್ತಿರಲಿಲ್ಲ.)

ಅಮ್ಮನ ತೋಳು ಜೋಲಿಯಲ್ಲಿದ್ದಾಗ ಆ ಹಳೆಯ ವರದಿಗಳನ್ನು ಮತ್ತೆ ಓದಿದೆ, ಈ ಸಲ ಸ್ಟಾರುಗಳನ್ನು ಬಿಟ್ಟು. ಮುಂಭಾಗದ ಢಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಗಾತ್ರದ ಡಮ್ಮಿಗಳು ಎರಡೇ, ಎರಡೂ ಮುಂದೆ, ಬೆಲ್ಟ್ ಬಿಗಿದುಕೊಂಡು. ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಡಮ್ಮಿಗಳು, ಅವೂ ಮಕ್ಕಳ ಸೀಟಿನಲ್ಲಿ. ಮಕ್ಕಳ ಅಂಕವೇ ಬೇರೆ: 2020ರಲ್ಲಿ ದೊಡ್ಡವರಿಗೆ ಐದು ಸ್ಟಾರ್ ಪಡೆದ ಆಲ್ಟ್ರೋಜ್‌ಗೂ ಮಕ್ಕಳ ವಿಭಾಗದಲ್ಲಿ ಸಿಕ್ಕಿದ್ದು ಮೂರು. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಮ್ಮದೇ ಭಾರತ್ ಎನ್‌ಕ್ಯಾಪ್‌ನಲ್ಲೂ ಕೂರಿಸುವ ಕ್ರಮ ಹೆಚ್ಚುಕಡಿಮೆ ಇದೇ. ಬೆಲ್ಟಿಲ್ಲದೆ ಹಿಂದೆ ಕೂತು, ಮಡಿಲಲ್ಲಿ ಬಾಳೆಹಣ್ಣಿನ ಚೀಲ ಇಟ್ಟುಕೊಂಡ ಅರವತ್ತೆಂಟರ ಹೆಂಗಸಿನ ಡಮ್ಮಿ ಎಲ್ಲೂ ಇರಲಿಲ್ಲ. ಮುಂದಿನ ಇಬ್ಬರಿಗೆ ಕೊಟ್ಟ ಅಂಕವನ್ನು ನಾನು ಇಡೀ ಮನೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಲೆಕ್ಕ ಶಾಲೆಯದೇ. ಗಂಟೆಗೆ 40 ಕಿ.ಮೀ. ವೇಗದ ಕಾರು ತಟ್ಟನೆ ನಿಂತರೆ, ಒಳಗೆ ಕಟ್ಟಿಲ್ಲದ ಮೈ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ; ಸುಮಾರು ಆರು ಮೀಟರ್ ಎತ್ತರದಿಂದ ಬಿದ್ದಷ್ಟು ಹೊಡೆತ. ಏರ್‌ಬ್ಯಾಗ್ ಕೂಡ ಬೆಲ್ಟ್ ಹಾಕಿದವರನ್ನೇ ನಂಬಿ ತೆರೆದುಕೊಳ್ಳುವಂಥದ್ದು. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಹೋದಾಗ ಅವರು ಕೂತಿದ್ದದ್ದೂ ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂಬ ನಿಯಮ ಆಗಲೇ ಇತ್ತು. ತಪ್ಪಿದರೆ ದಂಡ 1,000 ರೂಪಾಯಿ. ನನ್ನ ಸೀಟ್ ಕವರಿನ ಬೆಲೆ ಅದಕ್ಕಿಂತ ಬಹಳ ಹೆಚ್ಚು.

ಕವರನ್ನು ಬ್ಲೇಡಿನಲ್ಲಿ ಕೊಯ್ದೆ. ಲಾಕುಗಳು ಹೊಸದರಂತೆಯೇ ಹೊಳೆಯುತ್ತಿದ್ದವು, ಬಳಸಿದ್ದರೆ ತಾನೆ ಸವೆಯುವುದು. ಅಮ್ಮನನ್ನು ಒಪ್ಪಿಸುವುದು ಮಾತ್ರ ಸುಲಭವಾಗಲಿಲ್ಲ. ‘ಹಿಂದ್ ಕೂತೋರಿಗೆ ಯಾಕೋ ಅದು, ಸೆರಗು ಸಿಕ್ಕಾಕೊಳುತ್ತೆ’ ಎಂದು ಇವತ್ತಿಗೂ ಗೊಣಗುತ್ತಾಳೆ, ಹಾಕಿಕೊಳ್ಳುತ್ತಾಳೆ.

ಐವರು ಹೊರಟರೆ ಈಗಲೂ ತಕರಾರು. ಹಿಂದಿನ ಸೀಟಿನ ನಡುವೆ ಇರುವುದು ಸೊಂಟದ ಪಟ್ಟಿ ಮಾತ್ರ, ಎದೆಯನ್ನು ಅದು ಹಿಡಿಯುವುದಿಲ್ಲ. ಕಳೆದ ಗೌರಿ ಹಬ್ಬಕ್ಕೆ ಊರಿಗೆ ಹೊರಟಾಗ ಅಕ್ಕನ ಮಗನಿಗೆ ‘ನೀನು ಬಸ್ಸಿಗೆ ಬಾ’ ಅಂದೆ. ‘ಬಸ್ಸಲ್ಲಿ ಸೊಂಟಕ್ಕೂ ಇರಲ್ಲ ಮಾವ’ ಅಂದ. ಟಿಕೆಟ್ಟಿನ ದುಡ್ಡು ಕೈಗಿಟ್ಟೆ. ಸಾಲದು, ವಾಪಸ್ ಬರೋದಕ್ಕೂ ಕೊಡು ಅಂದ.