ದಾನಕ್ಕಿಂತ ಪಾಲನೆ ಮೇಲು

ತೀರ್ಥಹಳ್ಳಿಯ ಹಳೆಯ ಪೇಟೆಯಲ್ಲಿ ನಮ್ಮದೊಂದು ಹಂಚಿನ ಮನೆಯಿದೆ. ಮುಂದುಗಡೆ ಅಂಗಡಿ, ಹಿಂದುಗಡೆ ವಾಸದ ಮನೆ, ಮೇಲೆ ಅಡಕೆಯ ಮೂಟೆಗಳನ್ನು ಇಡುತ್ತಿದ್ದ ಅಟ್ಟ, ಬೀದಿಗೆ ಮುಖ ಮಾಡಿದ ಜಗಲಿ. ಅಕ್ಕಪಕ್ಕದ ಮನೆಗಳೂ ಅಂಥವೇ. ಒಂದರ ಗೋಡೆಯೇ ಇನ್ನೊಂದರ ಗೋಡೆ.

ನಮ್ಮ ತಂದೆಯವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತಗಡಿನ ಡಬ್ಬಿಯೊಂದನ್ನು ಇಟ್ಟಿದ್ದರು. ಪ್ರತಿ ಸಂತೆಯ ದಿನವೂ ವ್ಯಾಪಾರ ಮುಗಿದ ಮೇಲೆ ಅದರೊಳಕ್ಕೆ ಒಂದಿಷ್ಟು ಚಿಲ್ಲರೆ ಬೀಳುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಬಂದು, ಒಡೆದ ಹಂಚುಗಳನ್ನು ತೆಗೆದು ಹೊಸವನ್ನು ಹೊದಿಸಿ ಹೋಗುವಾಗ ಮಾತ್ರ ಆ ಡಬ್ಬಿ ತೆರೆಯುತ್ತಿತ್ತು. ಒಮ್ಮೆ ನಾನು ಪುಸ್ತಕ ಕೊಳ್ಳಲು ಅದರಿಂದ ಹಣ ಬೇಡಿದೆ. ತಂದೆಯವರು, "ಅದು ನಮ್ಮ ಹಣವಲ್ಲ ಮಗು, ಮನೆಯ ಹಣ" ಎಂದರು. ಆ ಮಾತಿನ ಅರ್ಥ ಅಂದು ನನಗೆ ತಿಳಿಯಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ ಅಣ್ಣ ಸಾಗರದಲ್ಲಿ ನೆಲೆಸಿದನು; ನಾನು ದೂರದ ಊರಿನಲ್ಲಿ ಉಪಾಧ್ಯಾಯನಾದೆನು. ಮನೆಯನ್ನು ಬಾಡಿಗೆಗೆ ಕೊಟ್ಟೆವು. ಬಾಡಿಗೆಯನ್ನು ಇಬ್ಬರೂ ಹಂಚಿಕೊಂಡೆವು. ಡಬ್ಬಿಯನ್ನು ಇಬ್ಬರೂ ಮರೆತೆವು. ಒಡೆದ ಎರಡು ಹಂಚುಗಳ ಸಂದಿನಿಂದ ನಾಲ್ಕಾರು ಮಳೆಗಾಲ ಇಳಿದ ನೀರು ಅಟ್ಟದ ತೊಲೆಯೊಂದನ್ನು ತಿಂದುಹಾಕಿತು. ದುರಸ್ತಿಗೆಂದು ಒಂದು ಬ್ಯಾಂಕಿನಲ್ಲಿ ಸಾಲ ಕೇಳಿದೆ. ಹಳೆಯ ಮನೆಗೆ ಬೆಲೆಯಿಲ್ಲ, ಬೆಲೆಯಿರುವುದು ನೆಲಕ್ಕೆ. ಕೆಡವಿ ಮೂರಂತಸ್ತು ಕಟ್ಟುವುದಾದರೆ ಸಾಲ ಸಿಗುವುದು ಎಂಬ ಉತ್ತರ ಬಂತು. ಕೆಡಹುವುದಕ್ಕೆ ಹಣವುಂಟು, ಉಳಿಸುವುದಕ್ಕೆ ಇಲ್ಲ! ಕಡೆಗೆ ಅಣ್ಣ, "ಮಾರಿಬಿಡೋಣ" ಎಂದು ಹೇಳಿಕಳುಹಿಸಿದನು. ಅವನೊಡನೆ ಮಾತಾಡಲೆಂದು ನಾನು ಸಾಗರಕ್ಕೆ ಹೋದೆನು.

ಮರುದಿನ ಇಬ್ಬರೂ 6 ಕಿಲೋಮೀಟರು ದೂರದ ಇಕ್ಕೇರಿಗೆ ಹೋದೆವು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಊರದು. ಅಘೋರೇಶ್ವರ ದೇವಾಲಯ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದನ್ನು ನೋಡಿಕೊಳ್ಳಲು ಪುರಾತತ್ತ್ವ ಇಲಾಖೆಯಿದೆ. ಆದರೆ ಅದರ ಸುತ್ತಲೂ ಇದ್ದ ರಾಜಧಾನಿಯ ಬೀದಿಗಳು ಎಲ್ಲಿ? ಸಾಮಾನ್ಯರ ಮನೆಗಳಿಗೆ ಇಲಾಖೆ ಇರಲಿಲ್ಲ. ಅವು ಮಣ್ಣಿಗೆ ಮಣ್ಣಾಗಿ ಹೋದವು.

ಹಿಂದಿನವರು ದೇವಾಲಯವನ್ನು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಪೂಜೆಗೆ, ದೀಪಕ್ಕೆ, ಜೀರ್ಣೋದ್ಧಾರಕ್ಕೆ ಭೂಮಿಯನ್ನು ದತ್ತಿಬಿಟ್ಟು, ವರ್ಷವರ್ಷವೂ ಆದಾಯ ಬರುವಂತೆ ಮಾಡುತ್ತಿದ್ದರು. ದಾನ ಮಾಡುವುದಕ್ಕಿಂತ ಅದನ್ನು ಪಾಲಿಸುವುದೇ ಹೆಚ್ಚಿನದೆಂಬ ಮಾತು ನಮ್ಮ ನಾಡಿನ ಎಷ್ಟೋ ಶಾಸನಗಳ ಕೊನೆಯಲ್ಲಿದೆ. 1955ರ ಧಾರ್ಮಿಕ ಇನಾಂ ರದ್ದಿಯಾತಿ ಕಾಯಿದೆಯ ತರುವಾಯ ಅಂಥ ಭೂಮಿ ಬಹುಮಟ್ಟಿಗೆ ಉಳುವವರಿಗೆ ಸೇರಿತು. ಅದು ನ್ಯಾಯವೇ ಸರಿ. ಆದರೆ ಪಾಲನೆಗೆ ನಿಯತವಾದ ಹಣ ಬೇಕೆಂಬ ಹಿಂದಿನವರ ತಿಳಿವಳಿಕೆಯನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ತಂದೆಯವರ ಡಬ್ಬಿ ನನಗೆ ಅಲ್ಲಿ ನೆನಪಾಯಿತು. ಅದೂ ಒಂದು ದತ್ತಿಯೇ ಅಲ್ಲವೆ?

ಅಣ್ಣ ಒಪ್ಪಲಿಲ್ಲ. "ಸರ್ಕಾರ ಮಾಡದ ಕೆಲಸವನ್ನು ನಾವಿಬ್ಬರು ಮಾಡಲಾದೀತೆ?" ಎಂದನು.

ನಾನು ಹೊಸನಗರದ ಬಸ್ಸು ಹತ್ತಿದೆ. ಹೊಸನಗರದ ಹಿಂದಿನ ಹೆಸರು ಕಲ್ಲೂರುಕಟ್ಟೆ. ಹಳೆಯ ನಗರವೆಂದರೆ ಶಿವಪ್ಪನಾಯಕನು ಆಳಿದ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡನು. ಅರಸೊತ್ತಿಗೆ ಹೋಯಿತು, ಕಾಲಕ್ರಮದಲ್ಲಿ ಪೇಟೆ ಸೊರಗಿತು, ತಾಲ್ಲೂಕಿನ ಕಚೇರಿಯೂ ಕಲ್ಲೂರುಕಟ್ಟೆಗೆ ಹೋಗಿ ಆ ಊರೇ ಹೊಸನಗರವೆನಿಸಿತು. ಬಿದನೂರು ಈಗ ನಗರವೆಂಬ ಹೆಸರಿನ ಹಳ್ಳಿ. ಅದರ ಕೋಟೆಯ ಮೇಲೆ ನಿಂತು ನೋಡಿದಾಗ ನನಗನ್ನಿಸಿದ್ದು ಇಷ್ಟು: ಅರಮನೆಯ ಹಣವೊಂದನ್ನೇ ನಂಬಿದ ಪೇಟೆ ಅರಮನೆಯೊಡನೆಯೇ ಹೋಗುತ್ತದೆ.

ಇಂದಿನ ಸರ್ಕಾರಗಳು ಏನೂ ಮಾಡಿಲ್ಲವೆಂದಲ್ಲ. 2015ರಲ್ಲಿ ಕೇಂದ್ರ ಸರ್ಕಾರವು 'ಹೃದಯ್' ಎಂಬ ಯೋಜನೆಯಲ್ಲಿ ದೇಶದ 12 ಪುರಾತನ ಊರುಗಳಿಗಾಗಿ 500 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. ಕರ್ನಾಟಕದಿಂದ ಸೇರಿದ್ದು ಬಾದಾಮಿಯೊಂದೇ. 2019ರ ಮಾರ್ಚಿಯಲ್ಲಿ ಆ ಯೋಜನೆ ಮುಗಿಯಿತು. ದೊಡ್ಡ ಹಣ ಹೀಗೆ ಎಂದೋ ಒಮ್ಮೆ ಬರುತ್ತದೆ; ಮಳೆಗಾಲವಾದರೋ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ.

ಹಾಗಾದರೆ ದಾರಿಯೇನು? ಬಸ್ಸು ಅಡಕೆ ತೋಟಗಳ ನಡುವೆ ಸಾಗುತ್ತಿದ್ದಾಗ, ಉತ್ತರ ಕಣ್ಣೆದುರೇ ಇದೆಯೆನಿಸಿತು. 1939ರಲ್ಲಿ ಮಲೆನಾಡಿನ ಅಡಕೆ ಬೆಳೆಗಾರರಿಗಾಗಿ ಶಿವಮೊಗ್ಗದಲ್ಲಿ ಮಾಮ್‌ಕೋಸ್ ಎಂಬ ಸಹಕಾರ ಸಂಘ ಹುಟ್ಟಿತು. ಒಬ್ಬೊಬ್ಬನಿಗೆ ಆಗದ ಕೆಲಸ ಸಣ್ಣ ಸಣ್ಣ ಷೇರುಗಳು ಕೂಡಿದಾಗ ಆಯಿತು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಹಳೆಯ ದೇಗುಲಗಳನ್ನು ದುರಸ್ತಿ ಮಾಡುವಾಗ ಸರ್ಕಾರ, ಟ್ರಸ್ಟು ಮತ್ತು ಊರವರು ಕೂಡಿ ವೆಚ್ಚವನ್ನು ಹೊರುತ್ತಾರೆ. ಗೋಡೆಗಳನ್ನು ಹಂಚಿಕೊಂಡ ನಾವು ಖರ್ಚನ್ನೇಕೆ ಹಂಚಿಕೊಳ್ಳಬಾರದು?

ತೀರ್ಥಹಳ್ಳಿಗೆ ಬಂದವನೇ ನೆರೆಮನೆಯವರನ್ನು ನಮ್ಮ ಜಗಲಿಗೆ ಕರೆದೆನು. ಸಾಲಿನಲ್ಲಿದ್ದ ಆರು ಮನೆಗಳಲ್ಲಿ ಒಂದು ಆಗಲೇ ಮಾರಾಟವಾಗಿ, ಕೆಡಹುವ ಕೆಲಸ ನಡೆದಿತ್ತು. ಉಳಿದ ಐದು ಮನೆಯವರು ತಿಂಗಳು ತಿಂಗಳೂ ಗೊತ್ತಾದ ಹಣವನ್ನು ಒಂದೆಡೆ ಕೂಡಿಡುವುದೆಂದೂ, ಹೆಚ್ಚು ಹದಗೆಟ್ಟ ಮನೆಗೆ ಮೊದಲು ಕೊಡುವುದೆಂದೂ, ಪಡೆದವರು ಕಂತಿನಲ್ಲಿ ಹಿಂದಿರುಗಿಸಬೇಕೆಂದೂ ನಿಶ್ಚಯವಾಯಿತು. ಹಂಚು, ಮರ ಮತ್ತು ಕೆಲಸದವರನ್ನು ಐದೂ ಮನೆಗೆ ಒಟ್ಟಿಗೆ ಗೊತ್ತುಮಾಡಿದ್ದರಿಂದ ಖರ್ಚು ಇಳಿಯಿತು. ಬೀದಿಯ ಚರಂಡಿಯನ್ನು ಸರಿಪಡಿಸುವುದು ಪಟ್ಟಣ ಪಂಚಾಯಿತಿಯ ಹೊಣೆ. ಅದಕ್ಕೆ ಐವರೂ ಸಹಿ ಹಾಕಿ ಅರ್ಜಿ ಕೊಟ್ಟೆವು.

ನಮ್ಮ ತೊಲೆಯ ಸರದಿ ಮೊದಲು ಬರಲಿಲ್ಲ. ಆರನೆಯ ಮನೆ ಉರುಳಿದಾಗ ಪಕ್ಕದ ಮನೆಯ ಮಣ್ಣಿನ ಗೋಡೆ ಮಳೆಗೆ ಮರೆಯಿಲ್ಲದೆ ನಿಂತಿತು. ಮೊದಲ ವರ್ಷದ ಹಣವೆಲ್ಲ ಆ ಗೋಡೆಗೇ ಹೋಯಿತು. ನಮ್ಮ ತೊಲೆಗೆ ಊರುಗೋಲು ಕೊಟ್ಟು ಒಂದು ಮಳೆಗಾಲ ಕಾದೆವು.

ಅದನ್ನು ಕೇಳಿ ಅಣ್ಣ ಬೇಸರಪಡುವನೆಂದುಕೊಂಡಿದ್ದೆ. ಅವನು ಬಂದು, ಅಟ್ಟವನ್ನು ಹತ್ತಿ, ಊರುಗೋಲನ್ನು ಅಲುಗಿಸಿ ನೋಡಿದನು. ಆಮೇಲೆ ಕೆಳಗಿಳಿದು, ತನ್ನ ಪಾಲಿನ ಬಾಡಿಗೆಯನ್ನು ನನ್ನ ಕೈಗಿತ್ತು, "ಇದು ಮನೆಯ ಹಣ, ಡಬ್ಬಿಗೆ ಹಾಕು" ಎಂದನು.