ಕಾಲಾ ಘೋಡಾದಿಂದ ನಮ್ಮ ಸಂಘದ ಗೋಡೆಯವರೆಗೆ

ಛಾಯಾಚಿತ್ರಗಳ ವಿಷಯದಲ್ಲಿ ನಮಗಿರುವ ಯೋಗ್ಯತೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಲೇಜಿನಲ್ಲಿದ್ದಾಗ ನಮ್ಮ ಸೋದರಮಾವ ಒಂದು ಆಗ್ಫಾ ಕ್ಲಿಕ್ ಪೆಟ್ಟಿಗೆಯನ್ನು ಕೊಟ್ಟಿದ್ದರು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಹನ್ನೆರಡರಲ್ಲಿ ನಾಲ್ಕು ಸರಿಯಾಗಿ ಬಂದರೆ ಮನೆಮಂದಿಗೆಲ್ಲ ಹಬ್ಬ; ಆ ನಾಲ್ಕರಲ್ಲಿಯೂ ಒಂದರಲ್ಲಿ ನಮ್ಮ ಬೆರಳು ತಪ್ಪದೆ ಇರುತ್ತಿತ್ತು. ಇಷ್ಟೇ ಬಂಡವಾಳ. ಹೀಗಿದ್ದರೂ ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಡುತ್ತ, "ನಮ್ಮ ಛಾಯಾಚಿತ್ರ ಪ್ರದರ್ಶನಕ್ಕೆ ಮೂರನೆಯ ತೀರ್ಪುಗಾರರು ಸಿಕ್ಕಿಲ್ಲ, ನೀವು ಒಪ್ಪಿಕೊಳ್ಳಲೇಬೇಕು" ಎಂದರು.

"ನಮಗೇನು ತಿಳಿಯುತ್ತದೆ ಸ್ವಾಮೀ?" ಎಂದೆವು.

"ಉಳಿದ ಇಬ್ಬರಿಗೂ ಬಹಳ ತಿಳಿಯುತ್ತದೆ. ತಿಳಿಯದವರು ಒಬ್ಬರು ಬೇಕು."

ಇಷ್ಟು ಪ್ರಾಮಾಣಿಕವಾಗಿ ಕರೆದರೆ ಇಲ್ಲವೆನ್ನುವುದು ಹೇಗೆ? ಒಪ್ಪಿಕೊಂಡೆವು. ಆದರೆ ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆಯುವ ಹುಡುಗರಂತೆ, ತೀರ್ಪಿಗೆ ಒಂದು ವಾರವಿರುವಾಗ, ಚಿತ್ರ ನೋಡುವುದನ್ನು ಕಲಿತುಬರೋಣವೆಂದು ಮನೆಯವರನ್ನೂ ಕರೆದುಕೊಂಡು ಕಾಲಾ ಘೋಡಾಕ್ಕೆ ಹೊರಟೆವು.

ಡೊಂಬಿವಲಿಯಿಂದ ಭಾನುವಾರದ ಗಾಡಿ. ಕೂರಲು ಜಾಗ ಸಿಕ್ಕಿತೆಂಬುದನ್ನು ಇಲ್ಲಿ ದಾಖಲಿಸುವುದು ಅವಶ್ಯ. ಸಿ.ಎಸ್.ಎಂ.ಟಿ.ಯಲ್ಲಿ ಇಳಿದು, ಹುತಾತ್ಮ ಚೌಕವನ್ನು ದಾಟಿ, ಮಹಾತ್ಮಾ ಗಾಂಧಿ ರಸ್ತೆಯ ಕಮಾನುಗಳ ನೆರಳಿನಲ್ಲಿಯೇ ನಡೆದೆವು. ಕಾಲಾ ಘೋಡಾ ಎಂದರೆ ಕರಿ ಕುದುರೆ. ಆ ಹೆಸರಿಗೆ ಕಾರಣವಾದ ಏಳನೆಯ ಎಡ್ವರ್ಡನ ಅಶ್ವಾರೂಢ ಪ್ರತಿಮೆಯನ್ನು 1965ರಲ್ಲಿ ತೆಗೆದು ಭಾಯಖಳಾಕ್ಕೆ ಸಾಗಿಸಿದರು. ಕುದುರೆ ಹೋದರೂ ಹೆಸರು ಹೋಗಲಿಲ್ಲ. ಐವತ್ತು ವರ್ಷಗಳ ಮೇಲೆ, 2017ರಲ್ಲಿ, ಹೊಸದೊಂದು ಕುದುರೆಯನ್ನು ತಂದು ನಿಲ್ಲಿಸಿದ್ದಾರೆ. ಈ ಬಾರಿ ಬೆನ್ನ ಮೇಲೆ ದೊರೆಯಿಲ್ಲ. ನಮ್ಮ ಮನೆಯವರು ಅದನ್ನು ನೋಡಿ, "ಈಗ ಅದಕ್ಕೂ ಸ್ವಲ್ಪ ಹಗುರ" ಎಂದರು.

ಜಹಾಂಗೀರ್ ಕಲಾ ಗ್ಯಾಲರಿ ಅಲ್ಲಿಂದ ನಾಲ್ಕು ಹೆಜ್ಜೆ. ಸರ್ ಕಾವಸ್‌ಜಿ ಜಹಾಂಗೀರರ ಕೊಡುಗೆಯಿಂದ 1952ರಲ್ಲಿ ಎದ್ದ ಈ ಕಟ್ಟಡವನ್ನು ದುರ್ಗಾ ಬಾಜಪೇಯಿ ಎಂಬ ವಾಸ್ತುಶಿಲ್ಪಿ ರೂಪಿಸಿದರು. ನಾವು ಕನ್ನಡಿಗರು ಈ ಬಾಗಿಲನ್ನು ದಾಟುವಾಗ ಸ್ವಲ್ಪ ಎದೆಯೆತ್ತಿಕೊಳ್ಳಬಹುದು. ಇಂಥದೊಂದು ಗ್ಯಾಲರಿ ಬೇಕೆಂದು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಅವರ ಜೊತೆಗೆ ನಮ್ಮ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರೂ ಇದ್ದರು. ಹಳ್ಳಿಯಿಂದ ಬಂದು ಈ ಮಹಾನಗರದಲ್ಲಿ ಬಣ್ಣವನ್ನೇ ನಂಬಿ ಬಾಳಿದವರು. 1996ರಲ್ಲಿ ತೀರಿಕೊಳ್ಳುವವರೆಗೂ ಅವರ ರೇಖೆ ಕುಣಿಯುವುದನ್ನು ನಿಲ್ಲಿಸಲಿಲ್ಲ. ಗ್ಯಾಲರಿಯೊಳಗೆ ಸಮೋವರ್ ಎಂಬ ಉಪಾಹಾರ ಗೃಹವಿತ್ತು. 1964ರಲ್ಲಿ ಆರಂಭವಾದದ್ದು 2015ರಲ್ಲಿ ಮುಚ್ಚಿತು. ಮದುವೆಯಾದ ಹೊಸದರಲ್ಲಿ ಅಲ್ಲಿ ಒಂದು ತಟ್ಟೆಯನ್ನು ಇಬ್ಬರು ಹಂಚಿಕೊಂಡ ನೆನಪು ಬಂದು, ಆ ಕಡೆ ಸುಮ್ಮನೆ ಒಮ್ಮೆ ಇಣುಕಿ ಬಂದೆವು.

ಕೆಳಗಿನ ಸಭಾಂಗಣಗಳಲ್ಲಿ ವರ್ಣಚಿತ್ರ, ಮೇಲಿನ ಟೆರೇಸ್ ಗ್ಯಾಲರಿಯಲ್ಲಿ ಛಾಯಾಚಿತ್ರ. ಪ್ರವೇಶಕ್ಕೆ ಕಾಸಿಲ್ಲ. ಮೇಲೆ ಒಬ್ಬ ವೃದ್ಧರು ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಚಿತ್ರದ ಮುಂದೆಯೂ ಐದೈದು ನಿಮಿಷ ನಿಲ್ಲುತ್ತಿದ್ದರು. ನಮ್ಮ ಅವಸ್ಥೆಯನ್ನು ಹೇಳಿಕೊಂಡಾಗ ಅವರು ನಕ್ಕು, ಮರಾಠಿಯಲ್ಲಿ ಮೂರು ಮಾತು ಹೇಳಿಕೊಟ್ಟರು. ಮೊದಲು ಚಿತ್ರದ ನಡುವನ್ನಲ್ಲ, ಅಂಚನ್ನು ನೋಡಬೇಕು. ಚಿತ್ರ ತೆಗೆದವನು ಎಚ್ಚರವಾಗಿದ್ದನೋ ಇಲ್ಲವೋ ಅಲ್ಲಿ ತಿಳಿಯುತ್ತದೆ. ಎರಡನೆಯದು, ಬಿಳುಪಿನಲ್ಲಿ ವಿವರ ಉಳಿದಿದೆಯೇ, ಕಪ್ಪಿನಲ್ಲಿ ಉಳಿದಿದೆಯೇ ಎಂದು ನೋಡಬೇಕು. ಮೂರನೆಯದು, ಹೊರಗೆ ಹೋಗಿ ಚಹಾ ಕುಡಿದು ಬರಬೇಕು. ಬಂದಮೇಲೆ ಯಾವುದು ನೆನಪಿನಲ್ಲಿದೆಯೋ ಅದಕ್ಕೆ ಹೆಚ್ಚು ಅಂಕ. ಮೂರನೆಯ ಪಾಠ ನಮಗೆ ಬಹಳ ಹಿಡಿಸಿತು. ಒಡನೆಯೇ ಅಭ್ಯಾಸವನ್ನೂ ಮಾಡಿದೆವು.

ಗ್ಯಾಲರಿಯ ಹೊರಗೆ ಕಾಲುದಾರಿಯ ಮೇಲೆಯೂ ಕಲಾವಿದರು ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿರುತ್ತಾರೆ. ಒಳಗಿನವಕ್ಕೂ ಹೊರಗಿನವಕ್ಕೂ ನಡುವೆ ಕೆಲವು ಮೆಟ್ಟಿಲುಗಳಷ್ಟೇ. ಆ ಮೆಟ್ಟಿಲುಗಳನ್ನು ಹತ್ತಿಸುವವರು, ಹತ್ತಿಸದೆ ಬಿಡುವವರು ಇನ್ನು ಒಂದು ವಾರದಲ್ಲಿ ನಾವೇ ಆಗಲಿದ್ದೇವೆಂಬ ಯೋಚನೆ ಬಂದು ಮನಸ್ಸು ಕೊಂಚ ಭಾರವಾಯಿತು.

ತೀರ್ಪಿನ ಸಂಜೆ ಬಂತು. ನಮ್ಮ ಸಂಘದ ಸಭಾಂಗಣವನ್ನು ಬಲ್ಲವರಿಗೆ ವರ್ಣನೆ ಬೇಡ. ಅರಿಯದವರಿಗೆ ಇಷ್ಟು ಸಾಕು: ಬೆಳಿಗ್ಗೆ ಮಕ್ಕಳ ಕನ್ನಡ ತರಗತಿ, ಮಧ್ಯಾಹ್ನ ಭಜನೆ, ಸಂಜೆ ನಾಟಕದ ಅಭ್ಯಾಸ, ಶ್ರಾವಣದಲ್ಲಿ ಮದುವೆ ಊಟ. ಈಗ ಅದೇ ಗೋಡೆಗೆ ಹಗ್ಗ ಕಟ್ಟಿ, ನೂರಕ್ಕೂ ಹೆಚ್ಚು ಚಿತ್ರಗಳನ್ನು ಬಟ್ಟೆಯ ಚಿಮಟಿಗಳಿಂದ ತೂಗಿಹಾಕಿದ್ದರು. ದೊಡ್ಡ ಸ್ಪರ್ಧೆಗಳ ಪದ್ಧತಿಯಂತೆ ಹೆಸರುಗಳನ್ನು ಮರೆಮಾಡಿದ್ದರು. ಸಂಖ್ಯೆ ಮತ್ತು ಶೀರ್ಷಿಕೆ ಮಾತ್ರ. ನಮ್ಮ ಜೊತೆಗಿದ್ದವರು ಒಬ್ಬರು ನಿವೃತ್ತ ರೈಲ್ವೆ ಇಂಜಿನಿಯರು, ಇನ್ನೊಬ್ಬರು ಚಿತ್ರಕಲೆಯ ಅಧ್ಯಾಪಕಿ. ಒಬ್ಬೊಬ್ಬರದು ಹತ್ತು ಅಂಕ, ಮೂವರದೂ ಕೂಡಿಸಬೇಕು.

ಹಂಪೆಯ ಕಲ್ಲಿನ ರಥವನ್ನು ಒಂಬತ್ತು ಸಲ ನೋಡಿದೆವು. ಯಕ್ಷಗಾನದ ಕಿರೀಟ ಏಳು. ಹಲ್ಲು ಬಿದ್ದ ಮಕ್ಕಳು ಲೆಕ್ಕವಿಲ್ಲ. ಒಂದು ಚಿತ್ರದಲ್ಲಿ ಜೋಗದ ಮೇಲೆ ಚಂದ್ರನಿದ್ದ, ಎರಡು ಪಟ್ಟು ದೊಡ್ಡವನು. ಇಂಜಿನಿಯರು ಕನ್ನಡಕ ತೆಗೆದು, "ಇವನನ್ನು ಗಣಕಯಂತ್ರ ಹುಟ್ಟಿಸಿದೆ" ಎಂದು ಪಕ್ಕಕ್ಕಿಟ್ಟರು. ಇಂಥ ಅನುಮಾನ ದೊಡ್ಡವರನ್ನೂ ಬಿಟ್ಟಿಲ್ಲವೆಂದು ಅವರೇ ಹೇಳಿದರು. 2009ರ ವರ್ಷದ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿಯನ್ನು ಗೆದ್ದ ಚಿತ್ರದಲ್ಲಿ ಬೇಲಿ ಹಾರಿದ ತೋಳ ಪಳಗಿಸಿದ್ದಿರಬೇಕೆಂದು ತೀರ್ಮಾನಿಸಿ, 2010ರಲ್ಲಿ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರಂತೆ. 2023ರಲ್ಲಿ ಬೋರಿಸ್ ಎಲ್ಡಾಗ್ಸೆನ್ ಎಂಬ ಜರ್ಮನ್ ಕಲಾವಿದ ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದು, ಅದು ಯಂತ್ರ ರಚಿಸಿದ ಚಿತ್ರವೆಂದು ತಾನೇ ಹೇಳಿ ಬಹುಮಾನವನ್ನು ಬೇಡವೆಂದನಂತೆ. ಸುಳ್ಳು ತೋಳ, ಸುಳ್ಳು ಮುಖ, ಸುಳ್ಳು ಚಂದ್ರ! ಇನ್ನು ಮೋಸಹೋಗುವುದಿಲ್ಲವೆಂದು ಮೂವರೂ ಕಣ್ಣರಳಿಸಿ ಕುಳಿತೆವು.

ಆಗ ಬಂತು ನಲವತ್ತಮೂರನೆಯ ಸಂಖ್ಯೆ. ಕಪ್ಪು-ಬಿಳುಪು. ಬಸ್ಸಿನ ತಂಗುದಾಣದ ಕೆಂಪುಕಲ್ಲಿನ ಗೋಡೆಗೆ ಒರಗಿ ನೆಲದ ಮೇಲೆ ಕುಳಿತ ಮುದುಕಿ. ಗಲ್ಲಕ್ಕೆ ಕೈ, ಅರೆಮುಚ್ಚಿದ ಕಣ್ಣು. ಪಕ್ಕದಲ್ಲಿ ಖಾಲಿ ಹೆಡಿಗೆ. ಓರೆ ಬಿಸಿಲು ಮುಖದ ಒಂದೊಂದು ಸುಕ್ಕನ್ನೂ ಎಣಿಸುವಂತೆ ಬಿದ್ದಿತ್ತು. ಶೀರ್ಷಿಕೆ: 'ಹಸಿವು'. ಅಂಚು ನೋಡಿದೆವು, ಶುದ್ಧವಾಗಿತ್ತು. ಕಪ್ಪಿನಲ್ಲಿ ವಿವರವಿತ್ತು. ಚಹಾ ಕುಡಿದು ಬಂದೆವು, ನೆನಪಿನಲ್ಲಿಯೂ ಇತ್ತು. ಇಂಜಿನಿಯರು ಎಂಟು ಕೊಟ್ಟರು, ಅಧ್ಯಾಪಕಿ ಒಂಬತ್ತು, ನಾವೂ ಒಂಬತ್ತು. ಸಾಲದುದಕ್ಕೆ ನಮ್ಮ ಹಾಳೆಯಲ್ಲಿ ಷರಾ ಬರೆಯುವ ಜಾಗದಲ್ಲಿ, 'ಬಡತನದ ಹೃದಯಸ್ಪರ್ಶಿ ಚಿತ್ರಣ' ಎಂದು ದಪ್ಪಗೆ ಬರೆದೆವು. ಮೊದಲನೆಯ ಬಹುಮಾನ.

ಭಾನುವಾರ ಪ್ರದರ್ಶನ. ಉಪ್ಪಿಟ್ಟಿನ ಪರಿಮಳ, ಮಕ್ಕಳ ಓಟ, ಅಧ್ಯಕ್ಷರ ಭಾಷಣ. ಎಲ್ಲ ಮುಗಿದು ಜನ ಚಿತ್ರ ನೋಡುತ್ತಿದ್ದಾಗ, ಮೊಮ್ಮಗನ ಕೈಹಿಡಿದಿದ್ದ ಸುಮಾರು ಐವತ್ತೈದರ ಹೆಂಗಸೊಬ್ಬರು ಆ ಚಿತ್ರದ ಮುಂದೆ ನಿಂತವರು ಕದಲಲಿಲ್ಲ. ಬಳಿಗೆ ಹೋದೆವು.

"ಇದ್ ನಮ್ ಅಬ್ಬಿ!" ಎಂದರು, ಅಪ್ಪಟ ಕುಂದಾಪುರದ ಮಾತಿನಲ್ಲಿ. ಸಂತೋಷದಿಂದ ಅಭಿನಂದಿಸಲು ಬಾಯಿ ತೆರೆದೆವು. ಅಷ್ಟರಲ್ಲಿ ಅವರು ಶೀರ್ಷಿಕೆಯ ಮೇಲೆ ಬೆರಳಿಟ್ಟು, "ಇದೆಂತ ಬರ್ದದ್? ಹಸಿವ್ ಯಾರಿಗೆ?" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅವರೇ ಬಿಡಿಸಿ ಹೇಳಿದರು. ತಾಯಿ ಗಂಗೊಳ್ಳಿಯವರು. ಬೆಳಗಿನ ಜಾವ ಮೂರಕ್ಕೆ ಎದ್ದು ಬಂದರಿನ ಹರಾಜಿನಲ್ಲಿ ಮೀನು ಹಿಡಿದು, ಊರೂರು ತಿರುಗಿ ಮಾರುವವರು. ಹೆಡಿಗೆ ಖಾಲಿಯಾಗಿದೆಯೆಂದರೆ ಮೀನೆಲ್ಲ ಮಾರಿಹೋಗಿದೆಯೆಂದು ಅರ್ಥ. ಮೀನು ಉಳಿದ ದಿನ ಅವರು ಕೂರುವುದೇ ಇಲ್ಲ, ಇನ್ನೂ ನಾಲ್ಕು ಮನೆ ತಿರುಗುತ್ತಾರೆ. ಬಸ್ಸಿಗೆ ಕಾಯುತ್ತ ಹೀಗೆ ಕಣ್ಣುಮುಚ್ಚಿ ಕುಳಿತಿದ್ದಾರೆಂದರೆ ಅದು ಒಳ್ಳೆಯ ವ್ಯಾಪಾರದ ದಿನ. ಈ ಹೆಡಿಗೆಯಿಂದಲೇ ಮೂವರು ಮಕ್ಕಳ ಮದುವೆಯಾಗಿದೆ, ಮನೆಗೆ ಹೆಂಚು ಹೊದಿಸಿದ್ದಾಗಿದೆ.

ಓದುಗರು ಕ್ಷಮಿಸಬೇಕು. ನಾವೂ ಅದೇ ಕರಾವಳಿಯವರು. ಚಿಕ್ಕಂದಿನಲ್ಲಿ ನಮ್ಮ ಅಂಗಳಕ್ಕೂ ಇಂಥದೇ ಹೆಡಿಗೆ ಬರುತ್ತಿತ್ತು. ಮೀನು ಮುಗಿಯಿತೆಂದು ಖಾಲಿ ಹೆಡಿಗೆಯನ್ನು ಬೀಸಿಕೊಂಡು ಹಾಡುತ್ತ ಹೋಗುವವರನ್ನು ಕಂಡವರೇ. ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದು, ಚೌಕಟ್ಟಿನೊಳಗೆ ಅದನ್ನೇ ತೋರಿಸಿದಾಗ ನಾವು ಕೆಳಗಿದ್ದ ಶೀರ್ಷಿಕೆಯನ್ನು ಓದಿದೆವು, ಹೆಡಿಗೆಯನ್ನು ಓದಲಿಲ್ಲ. ಸುಳ್ಳು ಚಂದ್ರನನ್ನು ಹಿಡಿದ ಹೆಮ್ಮೆ ಅಲ್ಲಿಗೆ ಇಳಿಯಿತು.

ಚಿತ್ರ ತೆಗೆದ ತರುಣನನ್ನು ಕರೆಸಿದರು. ಇಲ್ಲಿಯೇ ಹುಟ್ಟಿ ಬೆಳೆದವನು. ರಜೆಗೆ ಅಜ್ಜಿಯ ಊರಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ತೆಗೆದದ್ದಂತೆ. ಕೇಳುವಷ್ಟು ಹೊತ್ತು ಬಸ್ಸು ನಿಲ್ಲಲಿಲ್ಲವೆಂದ. ಅಷ್ಟರಲ್ಲಿ ಮೊಮ್ಮಗ ಫೋನಿನಲ್ಲಿ ಗಂಗೊಳ್ಳಿಯನ್ನು ಹಿಡಿದು, ಮುತ್ತಜ್ಜಿಗೆ ಅವಳದೇ ಚಿತ್ರವನ್ನು ತೋರಿಸಿಬಿಟ್ಟಿದ್ದ. ಆ ತುದಿಯಿಂದ ಮೊದಲು ನಗು, ಆಮೇಲೆ ಬಹುಮಾನ ಯಾರಿಗೆ ಎಂಬ ಪ್ರಶ್ನೆ. ತೆಗೆದವರಿಗೆ ಎಂದ ಹುಡುಗ.

"ಕೂತದ್ ನಾನಲ್ದಾ?"

ಸುತ್ತ ನಿಂತವರೆಲ್ಲ ನಕ್ಕರು. ಆ ತರುಣ ಮಾತ್ರ ನಗಲಿಲ್ಲ. ಅವನ ಮೇಲೆ ನಮಗೆ ಅಭಿಮಾನ ಹುಟ್ಟಿದ್ದು ಆಗಲೇ.

ಅಧ್ಯಾಪಕಿ ಆಮೇಲೆ ನಮಗೆ ಹೇಳಿದರು: 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬಾಕೆ ತೆಗೆದ, ಮಕ್ಕಳನ್ನು ತಬ್ಬಿಕೊಂಡ ವಲಸೆ ತಾಯಿಯ ಚಿತ್ರ ಜಗತ್ಪ್ರಸಿದ್ಧವಾಯಿತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ತಾಯಿಯ ಹೆಸರು ಲೋಕಕ್ಕೆ ತಿಳಿದದ್ದು ನಲವತ್ತು ವರ್ಷಗಳ ಮೇಲೆ. ತನಗೆ ಆ ಚಿತ್ರದಿಂದ ಒಂದು ಕಾಸೂ ಬರಲಿಲ್ಲವೆಂದು ಆಕೆ ನೊಂದುಕೊಂಡಿದ್ದಳಂತೆ.

ಬಹುಮಾನವನ್ನು ಹಿಂದಕ್ಕೆ ಪಡೆಯಬೇಕೇ ಎಂದು ಒಳಕೋಣೆಯಲ್ಲಿ ಮುಕ್ಕಾಲು ಗಂಟೆ ವಾದವಾಯಿತು. ಶೀರ್ಷಿಕೆ ತಪ್ಪಾದರೆ ಬೆಳಕು ತಪ್ಪಾಗುತ್ತದೆಯೇ ಎಂದು ಇಂಜಿನಿಯರು. ನಾವು ಅಂಕ ಕೊಟ್ಟದ್ದು ಬೆಳಕಿಗೋ ಶೀರ್ಷಿಕೆಗೋ ಎಂದು ಅಧ್ಯಾಪಕಿ. ಷರಾ ಬರೆದ ನಾವು ಹೆಚ್ಚು ಮಾತಾಡಲಿಲ್ಲ. ಕೊನೆಗೆ ಬಹುಮಾನ ಉಳಿಯಿತು, 'ಹಸಿವು' ಹೋಯಿತು. ಹೊಸ ಶೀರ್ಷಿಕೆಯನ್ನು ಮಗಳೇ ಹೇಳಿದರು, ತರುಣ ತನ್ನ ಕೈಯಿಂದಲೇ ಬರೆದ: 'ಮೀನು ಮಾರಿ ಆಯಿತು'. ಅದರ ಕೆಳಗೆ ತಾಯಿಯ ಹೆಸರು, ಊರು. ಬಹುಮಾನದ ಹಣದಲ್ಲಿ ಅರ್ಧ ಕೊಡಲು ಅವನು ಮುಂದೆ ಬಂದರೆ ಆಕೆ ಮುಟ್ಟಲಿಲ್ಲ. ಎರಡು ಪ್ರತಿ ಬೇಕೆಂದರು, ಒಂದು ತಮಗೆ, ಒಂದು ಊರಿನಲ್ಲಿರುವ ತಮ್ಮನಿಗೆ. ತಮ್ಮನ ಪ್ರತಿಯನ್ನು ತಾನೇ ಗಂಗೊಳ್ಳಿಗೆ ಒಯ್ದು ಕೊಡುವುದಾಗಿ ತರುಣ ಒಪ್ಪಿಕೊಂಡ. ಹೋಗುವುದಾದರೆ ಭಾನುವಾರ ಬೇಡ, ಅಬ್ಬಿ ಮನೆಯಲ್ಲಿ ಸಿಗುವುದಿಲ್ಲ ಎಂದು ಆಕೆ ಎಚ್ಚರಿಸಿದರು.

ಈ ವರ್ಷದ ಪ್ರವೇಶಪತ್ರದಲ್ಲಿ ಎರಡು ಹೊಸ ಸಾಲುಗಳಿವೆ: ಚಿತ್ರದಲ್ಲಿರುವವರ ಹೆಸರೇನು, ಅವರನ್ನು ಕೇಳಿದಿರಾ. ಹಳೆಯ ಪತ್ರಗಳು ಇನ್ನೂ ಇನ್ನೂರು ಉಳಿದಿರುವಾಗ ಹೊಸದಾಗಿ ಅಚ್ಚು ಹಾಕಿಸಿದ ಖರ್ಚನ್ನು ಯಾವ ಲೆಕ್ಕದಲ್ಲಿ ತೋರಿಸುವುದೆಂದು ಕೋಶಾಧಿಕಾರಿಗಳು ನಮ್ಮನ್ನು ಕಂಡಾಗಲೆಲ್ಲ ಕೇಳುತ್ತಿದ್ದಾರೆ.